ಹಿತ್ತಲ ಬಾಗಿಲಲ್ಲಿ ಬಂದ ಮಾತು

"ಗುರುಗಳೇ, ನ್ಯಾಯಪೀಠದ ಮುಂದೆ ಹೆಂಗಸಿನ ಸಾಕ್ಷಿ ನಡೆಯುವುದಿಲ್ಲ. ಅಂದಮೇಲೆ ನಮ್ಮ ಧರ್ಮದಲ್ಲಿ ಅವಳ ಮಾತಿಗೆ ತೂಕ ಏನು?" ಎಂದು ಎಲ್ನಾಥಾನ ಕೇಳಿದ.

ಅವನು ಯೆಹೂದ್ಯರ ಧರ್ಮಶಾಸ್ತ್ರ ಕಲಿಯಲು ಬಂದು ಮೂರು ವರ್ಷವಾಗಿತ್ತು, ಮುಂದಿನ ತಿಂಗಳು ಅವನ ಮದುವೆಯಿತ್ತು. ಸಾಕ್ಷಿಗಳ ಅಧ್ಯಾಯವನ್ನು ಆ ದಿನ ಬೆಳಿಗ್ಗೆಯಷ್ಟೇ ಮುಗಿಸಿದ್ದ. ರಬ್ಬಿ ಹಿಲ್ಕೀಯರು ಅವನನ್ನು ಒಮ್ಮೆ ನೋಡಿ ಕನ್ನಡಕ ತೆಗೆದಿಟ್ಟರು. ಎಲ್ಲ ಮತದ ಶಿಷ್ಯರೂ ತಮ್ಮ ತಮ್ಮ ಗುರುಗಳಿಗೆ ಈ ಪ್ರಶ್ನೆ ಹಾಕುತ್ತಾರೆ, ಅವರವರ ಉತ್ತರ ಅವರವರಿಗಿರಲಿ, ನಾನೊಂದು ಕತೆ ಹೇಳುತ್ತೇನೆ, ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ ಎಂದರು. ಆಮೇಲೆ ಕತೆ ಶುರು ಮಾಡಿದರು.

ಒಂದು ರೇವುಪಟ್ಟಣ. ಅಲ್ಲಿ ನಮ್ಮ ಪೈಕಿ ಒಬ್ಬ ನೇಯ್ಗೆಯ ಹೆಂಗಸು ಇದ್ದಳು. ಅವಳ ಗಂಡ ನೂಲಿನ ವ್ಯಾಪಾರಿ, ಹೆಸರು ಅಜರ್ಯ. ದೋಣಿ ಹತ್ತಿ ಕರಾವಳಿಯ ಹಳ್ಳಿಗಳಿಗೆ ನೂಲು ಮಾರಲು ಹೋದವನು ಎಂಟು ವರ್ಷವಾದರೂ ಬರಲಿಲ್ಲ. ಇದ್ದಾನೆ ಎಂದು ಹೇಳುವವರಿಲ್ಲ, ಸತ್ತ ಎಂದು ಹೇಳುವವರೂ ಇಲ್ಲ. ನಮ್ಮಲ್ಲಿ ಗಂಡ ಬಿಡುಗಡೆಯ ಪತ್ರ ಕೊಡಬೇಕು, ಇಲ್ಲವೇ ಅವನು ಸತ್ತದ್ದು ಖಚಿತವಾಗಬೇಕು. ಎರಡೂ ಇಲ್ಲದ ಹೆಂಗಸು ಕಟ್ಟುಬಿದ್ದವಳು. ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಒಬ್ಬ ಕುಂಬಾರ ಅವಳನ್ನು ಮದುವೆಯಾಗುತ್ತೇನೆ ಎಂದು ಕಾದು ಕುಳಿತಿದ್ದ. ಅವಳಿಗೂ ಮನಸ್ಸಿತ್ತು. ಆದರೆ ವಯಸ್ಸು ಯಾರಿಗಾಗಿ ಕಾಯುತ್ತದೆ?

ಊರಿನ ನ್ಯಾಯಾಧೀಶ ಕೆಟ್ಟವನೇನಲ್ಲ, ಪುಕ್ಕಲ. ನಾನು ಇವಳನ್ನು ಬಿಡಿಸಿ, ಇವಳು ಮದುವೆಯಾಗಿ, ನಾಳೆ ಅಜರ್ಯ ಬಂದು ಬಾಗಿಲಲ್ಲಿ ನಿಂತರೆ ಏನು ಗತಿ ಎಂಬುದೇ ಅವನ ಭಯ. ಆ ಭಯ ಸುಳ್ಳಲ್ಲ. ಹಾಗಾದರೆ ಎರಡನೆಯ ಮದುವೆಯಲ್ಲಿ ಹುಟ್ಟಿದ ಮಕ್ಕಳು ಹಾದರದ ಮಕ್ಕಳಾಗುತ್ತಾರೆ. ಅವರೊಂದಿಗೆ ನಮ್ಮ ಜನರಲ್ಲಿ ಯಾರೂ ಮದುವೆಯ ಸಂಬಂಧ ಬೆಳೆಸುವಂತಿಲ್ಲ. ಅವರ ಮಕ್ಕಳಿಗೂ ಅದೇ, ಮೊಮ್ಮಕ್ಕಳಿಗೂ ಅದೇ. ಅದಕ್ಕೇ ಅವಳು ಬಂದಾಗಲೆಲ್ಲ, ಕಣ್ಣಾರೆ ಕಂಡ ಇಬ್ಬರು ಗಂಡಸರನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸುತ್ತಿದ್ದ.

ಅವಳು ಹಾಗೆ ತಲೆ ತಗ್ಗಿಸಿ ಹಿಂದಿರುಗುವುದನ್ನು ನ್ಯಾಯಾಧೀಶನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಆದರೆ ಅವಳೇನು ಮಾಡಿಯಾಳು?

ಒಂದು ದಿನ ಬೆಳಿಗ್ಗೆ ಆ ಬೀದಿಗೆ ಎಂದೂ ಬಾರದ ಒಬ್ಬ ಮೀನಿನವಳು ಹಿತ್ತಲ ಬಾಗಿಲಿಗೆ ಬಂದಳು. ಅಳಿವೆಯ ಆಚೆ ದಡದವಳು, ಬೇರೆ ಮತದವಳು. ಈಜುರೆಕ್ಕೆಯೂ ಮೈಮೇಲೆ ಹುರುಪೆಯೂ ಇರುವ ಮೀನನ್ನು ಮಾತ್ರ ನಾವು ತಿನ್ನಬಹುದಷ್ಟೆ. ನ್ಯಾಯಾಧೀಶನ ಹೆಂಡತಿ ಒಂದೊಂದೇ ಮೀನನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಹುರುಪೆ ಎಬ್ಬಿಸಿ ನೋಡತೊಡಗಿದಳು. ಮೀನಿನವಳಿಗೆ ನಗು ಬಂತು.

"ನಿಮ್ಮ ಜನವೇ ಹೀಗೆ ಕಣಮ್ಮ. ನಿಮ್ಮ ಪೈಕಿ ಒಬ್ಬ ನೂಲಿನವನು ಜ್ವರ ಬಂದು ನಮ್ಮನೆ ಜಗಲಿಯಲ್ಲಿ ಮಲಗಿದ್ದ. ನಮ್ಮತ್ತೆ ಏಡಿ ಸಾರು ಕೊಟ್ಟರೆ ಮುಖ ತಿರುಗಿಸಿಬಿಟ್ಟ. ಹೊಸ ಮಡಕೆಯಲ್ಲಿ ಗಂಜಿ ಕಾಯಿಸಿಕೊಟ್ಟೆವು. ಪಾಪ, ನಾಲ್ಕನೇ ದಿನ ಹೋಗೇಬಿಟ್ಟ. ನಾವೇ ಮಣ್ಣು ಮಾಡಿದೆವು."

ನ್ಯಾಯಾಧೀಶನ ಹೆಂಡತಿ ಕೈಲಿದ್ದ ಮೀನನ್ನು ಕೆಳಗಿಟ್ಟಳು. ಯಾರವನು, ಹೆಸರೇನು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳು ತುಟಿ ಕಚ್ಚಿಕೊಂಡಳು.

ಅವಳು ಪಂಡಿತರ ಮಗಳು. ತಂದೆ ಹೇಳುತ್ತಿದ್ದ ಪಾಠಗಳನ್ನು ಬಾಗಿಲ ಮರೆಯಲ್ಲಿ ಕೇಳಿ ಬೆಳೆದವಳು. ಬೇರೆ ಮತದವರು ಒಂದು ಸಾವಿನ ಸುದ್ದಿಯನ್ನು ಯಾರೂ ಕೇಳದೆ, ತಾವಾಗಿ, ಮಾತಿನ ಭರದಲ್ಲಿ ಹೇಳಿದರೆ ಅದು ನಡೆಯುತ್ತದೆ. ಕರೆದು ಕೇಳಿದರೆ ನಡೆಯುವುದಿಲ್ಲ, ಯಾಕೆಂದರೆ ಕೇಳಿದವರ ಮುಖ ನೋಡಿ ಅವರಿಗೆ ಬೇಕಾದದ್ದನ್ನು ಹೇಳಿಬಿಡಬಹುದು. ಮಾತು ಶುರುವಾದ ಮೇಲೆ ಕೇಳಿದರೆ ತಪ್ಪಿಲ್ಲ ಎಂದವರೂ ಇದ್ದಾರೆ. ಆದರೆ ಅವಳಿಗೆ ಗಂಡನ ಪುಕ್ಕಲುತನ ಗೊತ್ತು. ಒಂದು ಎಳೆ ಸಡಿಲವಿದ್ದರೂ ಅವನು ಅದನ್ನೇ ಹಿಡಿದು ಜಗ್ಗುತ್ತಾನೆ.

ಹಾಗಾಗಿ ಅವಳು ಏನೂ ಕೇಳಲಿಲ್ಲ. ಇನ್ನೂ ನಾಲ್ಕು ಮೀನು ತೆಗೆದುಕೊಂಡಳು. ಇಲ್ಲೇ ಕೂತು ಶುಚಿ ಮಾಡಿಕೊಡು ಎಂದು ಮಣೆ ಹಾಕಿದಳು. ಕುಡಿಯಲು ಮಜ್ಜಿಗೆ ಕೊಟ್ಟಳು. ಬಿಸಿಲಿನ ಮಾತಾಡಿದಳು, ಬೆಕ್ಕಿನ ಕಾಟದ ಮಾತಾಡಿದಳು. ಮೀನಿನವಳು ಅತ್ತೆಯನ್ನು ಬೈದಳು, ನಾದಿನಿಯನ್ನು ಬೈದಳು, ಸತ್ತವನ ಸುದ್ದಿಗೆ ಮಾತ್ರ ಬರಲೊಲ್ಲಳು. ಒಂದೇ ಒಂದು ಮೀನು ಉಳಿಯಿತು. ನ್ಯಾಯಾಧೀಶನ ಹೆಂಡತಿಗೆ ಕೇಳಿಬಿಡಲೇ ಎಂದು ನೂರು ಸಲ ಅನ್ನಿಸಿತು, ನೂರು ಸಲವೂ ನಾಲಿಗೆಯನ್ನು ಹಿಡಿದಿಟ್ಟಳು. ಕೊನೆಯ ಮೀನಿನ ಹುರುಪೆ ಹೆರೆಯುತ್ತ ಮೀನಿನವಳು ತಾನಾಗಿಯೇ, ಅಜರ್ಯ ಅಂತ ಅವನ ಹೆಸರು, ಈ ಊರಿನವನೇ, ಹೆಂಡತಿ ನೇಯುತ್ತಾಳೆ ಅನ್ನುತ್ತಿದ್ದ, ಆ ತಾಯಿ ಎಲ್ಲಿದ್ದಾಳೋ ಏನೋ ಎಂದು ನಿಟ್ಟುಸಿರು ಬಿಟ್ಟು, ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಆಗ ನ್ಯಾಯಾಧೀಶನ ಹೆಂಡತಿ ಒಳಗೆ ಓಡಿದಳು. ಗಂಡನಿಗೆ ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದಳು. ಅವನು ಮೊದಲು ಚಪ್ಪಲಿ ಹುಡುಕಿದ, ಮೀನಿನವಳನ್ನು ಕರೆತಂದು ವಿಚಾರಿಸುತ್ತೇನೆ ಎಂದ. ಅವಳು ಬಾಗಿಲಿಗೆ ಅಡ್ಡ ನಿಂತಳು. ಆಮೇಲೆ ಅವನು ಗಡ್ಡ ನೀವಿಕೊಂಡ. ಒಬ್ಬ ಹೆಂಗಸು ಹೇಳಿದ್ದು, ಇನ್ನೊಬ್ಬ ಹೆಂಗಸು ಕೇಳಿದ್ದು, ಇಂಥ ಮಾತಿನ ಮೇಲೆ ನಾನು ಹೇಗೆ ತೀರ್ಪು ಕೊಡಲಿ ಎಂದ.

"ಇಪ್ಪತ್ತು ವರ್ಷದಿಂದ ನಾನು ಬಡಿಸಿದ್ದನ್ನು ಉಂಡಿದ್ದೀರಿ," ಎಂದಳು ಅವಳು. "ಮೀನಿಗೆ ಹುರುಪೆ ಇತ್ತೋ ಇಲ್ಲವೋ ಎನ್ನುವುದಕ್ಕೆ ಒಂದು ದಿನವಾದರೂ ಇಬ್ಬರು ಗಂಡಸರನ್ನು ಕರೆಸಿದಿರಾ?"

ನ್ಯಾಯಾಧೀಶ ಗ್ರಂಥ ತೆಗೆದು ಕುಳಿತ. ಕಟ್ಟುಬಿದ್ದವಳನ್ನು ಬಿಡಿಸಲು ಒಬ್ಬಳೇ ಹೆಂಗಸಿನ ಮಾತು ಸಾಕು, ಅವಳು ಇನ್ನೊಬ್ಬರ ಬಾಯಿಂದ ಕೇಳಿದ್ದಾದರೂ ಸಾಕು ಎಂದು ಹಿರಿಯರು ಎಂದೋ ಬರೆದಿಟ್ಟಿದ್ದರು. ಅವನೂ ಅದನ್ನು ಓದಿದವನೇ. ಧೈರ್ಯ ಬಂದಿರಲಿಲ್ಲ, ಅಷ್ಟೇ.

ಮಧ್ಯಾಹ್ನಕ್ಕೆ ಮುಂಚೆ ನೇಯ್ಗೆಯವಳನ್ನು ಕರೆಸಿ, ನೀನು ಬಿಡುಗಡೆಯಾದೆ ಎಂದ. ಅವಳು ಸತ್ತವನಿಗಾಗಿ ಅತ್ತಳು, ಏಳು ದಿನ ನೆಲದ ಮೇಲೆ ಕುಳಿತು ಸೂತಕ ಹಿಡಿದಳು. ಯಾರೂ ಇಲ್ಲದೆ ಬೀದಿಯಲ್ಲಿ ಸಾಯಲಿಲ್ಲ, ಗಂಜಿ ಕೊಟ್ಟವರ ಜಗಲಿಯಲ್ಲಿ ಸತ್ತ ಎಂದು ಸಮಾಧಾನಪಟ್ಟಳು. ಎಂಟನೆಯ ದಿನ ಎದ್ದು ತಲೆಗೆ ಸ್ನಾನ ಮಾಡಿ ಹೊರಗೆ ಬಂದಾಗ, ಎಂಟು ವರ್ಷ ಎದೆಯ ಮೇಲಿದ್ದ ಕಲ್ಲು ಇಳಿದಂತೆ ಅವಳಿಗೆ ಹಗುರವಾಗಿತ್ತು. ಅದನ್ನು ಹೇಳಿಕೊಳ್ಳಲು ಅವಳು ನಾಚಲಿಲ್ಲ. ಮೂರು ತಿಂಗಳಿಗೆ ಕುಂಬಾರನ ಜೊತೆ ಮದುವೆಯಾಯಿತು. ನ್ಯಾಯಾಧೀಶನ ಹೆಂಡತಿಯೇ ಮುಂದೆ ನಿಂತು ಮದುವೆಯ ಅಡುಗೆ ಮಾಡಿಸಿದಳು.

ಕತೆ ಮುಗಿಯಿತು. ಸಂಕಟದ ಹೊತ್ತಿನಲ್ಲಿ ಹಿರಿಯರು ತೋರಿಸಿದ ದಯೆ ಅದು, ಅದನ್ನು ಮಾತಿನ ತೂಕ ಎನ್ನಲಾಗದು ಎಂದು ಎಲ್ನಾಥಾನನಿಗೆ ಅನ್ನಿಸಿತು.

"ತಪ್ಪು ತಿಳಿಯಬೇಡಿ ಗುರುಗಳೇ," ಎಂದ. "ಆ ಪೀಠದಲ್ಲಿ ನಾನಿದ್ದಿದ್ದರೆ ಆ ಹೆಂಗಸರ ಮಾತನ್ನು ಒಪ್ಪುತ್ತಿರಲಿಲ್ಲ."

ರಬ್ಬಿ ಹಿಲ್ಕೀಯರು ಕನ್ನಡಕ ಹಾಕಿಕೊಂಡರು.

"ಆ ಕುಂಬಾರ ನನ್ನ ತಂದೆ, ಎಲ್ನಾಥಾನ, ನೀನು ಒಪ್ಪದಿದ್ದರೆ ಬರುವ ತಿಂಗಳು ನನ್ನ ಮಗಳ ಕೈ ಹಿಡಿಯುವ ಹಾಗಿಲ್ಲ."