ಟೈರಿನ ಮುಂದಿಟ್ಟ ಫೋನು

ಗಂಗಾವತಿಯ ರೈಸ್‌ಮಿಲ್ಲಿನ ಮಹಾರುದ್ರಪ್ಪ ಸಾಹುಕಾರರ ಕಾರಿಗೆ ಬೇಸಿಗೆಯ ಟೈರು ಬೇಕಿತ್ತು. ಕಾದ ರಸ್ತೆಯಲ್ಲಿ ವೇಗವಾಗಿ ಓಡಲೆಂದೇ ಮಾಡಿದ ದುಬಾರಿ ಟೈರು. ಇಬ್ಬರು ಅಂಗಡಿಯವರು ಬಂದರು. ಇಬ್ಬರೂ ತಮ್ಮದೇ ಮೇಲು ಎಂದರು.

ಸಾಹುಕಾರರು ಡ್ರೈವರನತ್ತ ತಿರುಗಿದರು. "ನೀನೇ ಆರಿಸು. ತಪ್ಪಿತೋ, ನಾಳೆಯಿಂದ ಕೆಲಸಕ್ಕ ಬರಬ್ಯಾಡ."

ಡ್ರೈವರ್ ದೇವರನ್ನು ನೆನೆದ. ಹೊಸ ಟೈರಿನ ಪೂಜೆಗೆ ತಂದ ನಿಂಬೆಹಣ್ಣು ಕೈಯಲ್ಲಿತ್ತು. ಅದನ್ನು ನೋಡುತ್ತಲೇ ಉಪಾಯ ಹೊಳೆಯಿತು. ಮಿಲ್ಲಿನ ಮುಂದಿನ ರಸ್ತೆಗೆ ಅಡ್ಡ ಗೆರೆ ಎಳೆದ.

"ಎಂಬತ್ತರ ಸ್ಪೀಡಿನಾಗ ಬಂದು ಇಲ್ಲಿ ಬ್ರೇಕ್ ಒತ್ತತೀನ್ರೀ. ಕಾರು ಎಲ್ಲಿ ನಿಲ್ಲತೈತೋ ಅದರ ಮುಂದ ನಿಮ್ಮ ಫೋನ್ ಇಡ್ರೀ."

"ನಮ್ಮ ಟೈರು ಗೆರಿ ಮ್ಯಾಲೇ ನಿಲ್ಲತೈತಿ!" ಎಂದ ಮೊದಲನೆಯವನು. ಫೋನು ಮಾತ್ರ ಜೇಬಿನಿಂದ ಹೊರಗೆ ಬರಲಿಲ್ಲ.

ಎರಡನೆಯವನು ನೆಲದ ಬಿಸಿ ಮುಟ್ಟಿ ನೋಡಿದ. ಕಾರಿನಲ್ಲಿ ಎಷ್ಟು ಜನ ಎಂದು ಕೇಳಿದ. ಗೆರೆಯಿಂದ ನಲವತ್ತು ಹೆಜ್ಜೆ ಎಣಿಸಿ ಫೋನು ಇಟ್ಟ.

"ಇವರ ಟೈರೇ ಇರಲಿ, ಧಣೀ," ಎಂದ ಡ್ರೈವರ್, ಎರಡನೆಯವನನ್ನು ತೋರಿಸಿ.

"ಓಡಿಸಿ ನೋಡೂದು ಬ್ಯಾಡೇನು?"

"ನೋಡೂಣ್ರೀ. ಆದ್ರ ತಮ್ಮ ಟೈರು ಎಲ್ಲಿತನಕ ಜಾರತೈತಿ ಅಂತ ಬಲ್ಲವರು ಇವರೊಬ್ಬರೇ."

ಟೈರು ಹಾಕಿದರು. ಕಾರು ಬಂತು. ಫೋನಿಗೆ ಗೇಣು ದೂರವಿರುವಾಗ ನಿಂತಿತು.

ಸಾಹುಕಾರರು ತಾವೇ ಬಗ್ಗಿ ಫೋನೆತ್ತಿ, ಅಲ್ಲಿ ನಿಂಬೆಹಣ್ಣು ಇಟ್ಟರು.

"ಇನ್ನ ಹತ್ತಿಸೋ ತಮ್ಮಾ. ನಾಳೆ ಲಗೂನ ಬಾ."