ಕೆರೆಯಂಚಿನ ಬಳೆಗಾರ್ತಿ

"ಅಮ್ಮಾ, ಯಾರೂ ಕಾಣದ ಕೆಲಸಕ್ಕೆ ಹೆಮ್ಮೆ ಪಡುವುದು ಹೇಗೆ?" ಎಂದು ಮಂಗಳಿ ಕೇಳಿದಳು.

ತತ್ವಪದ ಹೇಳಿಕೊಡುತ್ತಿದ್ದ ಮುದುಕಿ ಗಿರಿಯಮ್ಮ ತಂಬೂರಿಯನ್ನು ಗೋಡೆಗೆ ಒರಗಿಸಿದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹತ್ತಿರ ಬಾ. ಹೇಳಿದ್ದು ನಿನ್ನ ಹೊಟ್ಟೆಯೊಳಗೇ ಇರಬೇಕು. ಹೊರಗೆ ತುಟಿ ಪಿಟಕ್ಕೆನ್ನಬಾರದು, ನನ್ನಾಣೆ."

ಒಂದೂರಿನಲ್ಲಿ ಒಬ್ಬ ಬಳೆಗಾರ್ತಿಯಿದ್ದಳು. ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದಳು. ಒಂದು ಮನೆಯ ಗುಟ್ಟನ್ನು ಮುಂದಿನ ಮನೆಗೆ ದಾಟಿಸುತ್ತಿದ್ದಳು. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಗಂಡ ಯಾರ ಜಗಲಿಯಲ್ಲಿ ಕೂತಿದ್ದ, ಎಲ್ಲ ಅವಳ ನಾಲಗೆಯ ತುದಿಯಲ್ಲಿ.

ಆ ಊರಿನ ಸಾಹುಕಾರನಿಗೆ ಹಕ್ಕಿಯ ಹುಚ್ಚು. ಬೇಸಿಗೆಯಲ್ಲಿ ಕೆರೆ ಇಳಿದಾಗ ಕೇರಿಯವರನ್ನೆಲ್ಲ ಕಟ್ಟಿಕೊಂಡು ನೀರುಹಕ್ಕಿ ನೋಡಲು ಹೊರಡುತ್ತಿದ್ದ. ಅಲ್ಲೊಂದು ಕಟ್ಟಲೆ. ಒಂದು ಬಗೆಯ ಹಕ್ಕಿಯನ್ನು ಮೊದಲು ಕಂಡು ತೋರಿಸಿದವರಿಗೆ ಮುಂದಿನ ಬೇಸಿಗೆಯವರೆಗೂ ಅದರ ಹೆಸರು. ಸಾಹುಕಾರ ಕೊಕ್ಕರೆಯಪ್ಪನಾಗಿ ಮೀಸೆ ತಿರುವುತ್ತಿದ್ದ. ಬಳೆಗಾರ್ತಿಯ ಪಕ್ಕದ ಮನೆಯ ದರ್ಜಿಯ ಹೆಂಡತಿ ನೀರುಕಾಗೆಯಮ್ಮ. ಹಾಗೆ ಕರೆಯದಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ಬಳೆಗಾರ್ತಿಗೆ ಮಾತ್ರ ಒಂದು ಸಲವೂ ಹೆಸರು ದಕ್ಕಿರಲಿಲ್ಲ. "ಊರ ಮನೆಯೊಳಗೆಲ್ಲ ಇಣುಕುವ ಕಣ್ಣಿಗೆ ಬಯಲಿನ ಹಕ್ಕಿ ಕಾಣದಲ್ಲೇ!" ಎಂದು ದರ್ಜಿಯ ಹೆಂಡತಿ ನಗುತ್ತಿದ್ದಳು. ಈ ಸಲ ಹೆಸರಿಲ್ಲದೆ ಮನೆಗೆ ಬರುವುದಿಲ್ಲ ಎಂದು ಬಳೆಗಾರ್ತಿ ಹಟ ತೊಟ್ಟಳು.

ಕೆರೆಯಂಚಿನ ನೊರಜುಗಲ್ಲಿನ ಮೇಲೆ ಮರಳುಬಣ್ಣದ ಪುಟ್ಟ ಹಕ್ಕಿಯೊಂದು ರೆಕ್ಕೆ ಎಳೆಯುತ್ತ ಕುಂಟತೊಡಗಿತು. "ಅಯ್ಯೋ, ರೆಕ್ಕೆ ಮುರಿದಿದೆ" ಎಂದು ಎಲ್ಲರೂ ಅದರ ಹಿಂದೆ ಹೋದರು.

ಬಳೆಗಾರ್ತಿ ಕದಲಲಿಲ್ಲ. ಒಳಗೆ ಮುಚ್ಚಿಡುವುದು ಏನಾದರೂ ಇದ್ದಾಗ ಹೆಂಗಸರು ಹೊಸ್ತಿಲಿಗೇ ಬಂದು ತಲೆನೋವೆಂದು ನರಳುವುದನ್ನು ಅವಳು ಎಷ್ಟು ಕಂಡಿದ್ದಳು! ಹಕ್ಕಿ ಕರೆದೊಯ್ಯುತ್ತಿದ್ದ ಕಡೆ ಬಿಟ್ಟು, ಅದು ಬಂದ ಕಡೆ ನೋಡಿದಳು. ಕಾಲ ಬಳಿಯೇ, ಕಲ್ಲುಗಳ ನಡುವೆ, ಕಲ್ಲಿನಂತೆಯೇ ಮೊಟ್ಟೆಗಳು.

ಹಕ್ಕಿ ತೋರಿಸಿದವರು ಬಹಳ ಮಂದಿ. ಗೂಡು ತೋರಿಸಿದವರು ಯಾರೂ ಇಲ್ಲ. ಒಂದು ಕೂಗು ಹಾಕಿದರೆ ಹೆಸರು ಅವಳದು. ಆದರೆ ಕೂಗಿದರೆ ಅಷ್ಟೂ ಕಾಲುಗಳು ಅಲ್ಲಿಗೇ ನುಗ್ಗುತ್ತವೆ. ಹೊಂಚಿ ಕೂತ ಕಾಗೆಗಳಿಗೂ ಜಾಗ ತಿಳಿಯುತ್ತದೆ. ನಾಲಗೆ ತುರಿಸಿತು. ಹಲ್ಲು ಕಚ್ಚಿದಳು.

"ಏನೇ ಬಳೆಗಾರ್ತಿ, ಏನಾದರೂ ಕಂಡಿತೇ?" ಎಂದು ಸಾಹುಕಾರ ದೂರದಿಂದ ಕೂಗಿದ.

"ಕಲ್ಲು ಸ್ವಾಮಿ, ಬರೀ ಕಲ್ಲು. ಬನ್ನಿ, ಆಚೆ ದಡಕ್ಕೆ ಹೋಗೋಣ" ಎಂದು ತಾನೇ ಮುಂದಾಗಿ ನಡೆದಳು.

ಎಲ್ಲರೂ ಅವಳ ಹಿಂದೆ ಹೊರಟರು. ಹಕ್ಕಿ ಕುಂಟುವುದನ್ನು ಬಿಟ್ಟು ಹಾರಿ ಬಂದು ಮೊಟ್ಟೆಗಳ ಮೇಲೆ ಕೂತದ್ದನ್ನು ಅವಳೊಬ್ಬಳೇ ತಿರುಗಿ ನೋಡಿದಳು.

ಸಂಜೆ ಕೇರಿಗೆ ಮರಳುವಾಗ ಬಳೆಗಾರ್ತಿ ಸೆರಗು ಬೀಸಿಕೊಂಡು, ಎದೆಯೆತ್ತಿ, ಬೀದಿಯ ನಟ್ಟನಡುವೆ ನಡೆದಳು.

ಗಿರಿಯಮ್ಮ ಮಾತು ನಿಲ್ಲಿಸಿದಳು.

"ಆಮೇಲೆ?" ಎಂದಳು ಮಂಗಳಿ.

"ದರ್ಜಿಯ ಹೆಂಡತಿ ಅಡ್ಡ ನಿಂತು ಮುಖದ ಮೇಲೇ ಕೇಳಿದಳು: ‘ಒಂದು ಗುಬ್ಬಿಯ ಹೆಸರೂ ದಕ್ಕಲಿಲ್ಲ, ಇಷ್ಟು ಬೀಗುತ್ತ ಬರುವುದಕ್ಕೆ ನಿನಗೇನೇ ಸಿಕ್ಕಿತು?’"