ದೊರೆಯ ಉಗುರಿನಿಂದ ಜಾರಿದ ಹಾಲು

ಬೆಟ್ಟಗಳೆಲ್ಲ ಇನ್ನೂ ಎಳೆಗೂಸಾಗಿದ್ದ ಕಾಲದಲ್ಲಿ ಒಬ್ಬ ಮೀಸೆ ದೊರೆ ಇದ್ದನಂತೆ. ಕೇಳ್ತಿದೀಯೇನೋ, ಹೂಂ ಅನ್ನು. ಅವನ ಊರಿಗೆ ಇದ್ದಿದ್ದು ಒಂದೇ ಹೊಂಗೆ ತೋಪು, ತೋಪಿನ ನಡುವೆ ಒಂದೇ ನೀರಿನ ಕಟ್ಟೆ. ಬೇಸಿಗೆ ಬಂತು ಅಂದರೆ ಊರ ದನವೆಲ್ಲ ಅಲ್ಲೇ ಹೊಟ್ಟೆ ತುಂಬ ನೀರು ಕುಡಿದು, ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವಂತೆ. ಆ ವರ್ಷ ದೊರೆ ತೋಪೆಲ್ಲ ತನ್ನ ಪಟ್ಟದ ಹಸುವಿಗೇ ಬೇಕು ಅಂತ ಸುತ್ತ ಕಾರೆಮುಳ್ಳಿನ ಬೇಲಿ ಹಾಕಿಸಿಬಿಟ್ಟನಂತೆ. ನೆರಳಿಗೂ ಬೇಲಿ! ಅವನಪ್ಪ ನೆಟ್ಟ ಮರವೇನು ಅದು?

ಆಮೇಲೆ ಊರ ದನ ಬಯಲಲ್ಲಿ ಬೆಂದು, ನಾಲಿಗೆ ಚಾಚಿ ಏದುಸಿರು ಬಿಟ್ಟು, ಮೇವು ಮೂಸಿ ಹಾಗೇ ಬಿಟ್ಟವಂತೆ. ಹಾಲು ಅರ್ಧಕ್ಕೆ ಇಳಿಯಿತು, ಇಳಿದ ಹಾಲೂ ತೆಳ್ಳಗಾಯಿತು. ಅರಮನೆಗೆ ಮನೆಮನೆಯಿಂದ ಹಾಲು ಹೋಗಬೇಕಿತ್ತಲ್ಲ, ದೊರೆ ಹೆಬ್ಬೆರಳ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡುತ್ತಿದ್ದನಂತೆ. ನಿಂತರೆ ಒಳ್ಳೇ ಹಾಲು. ಜಾರಿದರೆ ನೀರು ಬೆರೆಸಿದ ಕಳ್ಳತನ, ಹಸು ಅರಮನೆಗೆ. ಹೀಗೆ ಕುಂಬಾರರ ಮನೆ ಹಸು ಹೋಯಿತು, ಅಗಸರ ಮನೆ ಹಸು ಹೋಯಿತು, ಮೂರನೇ ಸರದಿ ಹೊನ್ನಕ್ಕನದು. ಗಂಡ ಇಲ್ಲದವಳು, ಮಡಿಲಲ್ಲಿ ಹಾಲು ಕುಡಿಯೋ ಕೂಸು, ಇದ್ದಿದ್ದು ಕೆಂದಿ ಅನ್ನೋ ಹಸು ಒಂದೇ.

ಹಾಲು ಜಾರಿತಂತೆ. ಎಷ್ಟು ನೀರು ಹೊಯ್ದೆಯೇ ಕಳ್ಳಿ ಅಂದನಂತೆ ದೊರೆ.

ಹೊನ್ನಕ್ಕನಿಗೆ ಮೈಯೆಲ್ಲ ಉರಿದುಹೋಯಿತಂತೆ. ಹೊಯ್ಯೋಕೆ ನೀರೆಲ್ಲಿದೆ ಬುದ್ಧಿ, ಕುಡಿಯೋಕೇ ಇಲ್ಲ, ಕಟ್ಟೆ ನಿಮ್ಮ ಬೇಲಿಯೊಳಗಿದೆ, ನಮ್ಮ ಹಾಲನ್ನ ಬಿಸಿಲು ಕುಡೀತು ಅಂದಳಂತೆ.

ದೊರೆ ನಕ್ಕುಬಿಟ್ಟು, ನನ್ನ ಹಸು ಕಂಡರೆ ಬಿಸಿಲೂ ಹೆದರುತ್ತೆ ಅಂತ ಮೀಸೆ ತಿರುವಿದನಂತೆ.

ಹಾಗಾದರೆ ನಿಮ್ಮದನ್ನ ಬಯಲಲ್ಲಿ, ನನ್ನದನ್ನ ತೋಪಲ್ಲಿ ಮೂರು ದಿನ ಕಟ್ಟಿ. ಆಮೇಲೆ ನೀವೇ ಕೈಯಾರೆ ಹಾಲು ಕರೀರಿ ಅಂದಳಂತೆ. ಊರೆಲ್ಲ ನೋಡುತ್ತಿತ್ತು. ಒಲ್ಲೆ ಅಂದರೆ ಮೀಸೆಗೆ ಅವಮಾನ, ಒಪ್ಪಿಬಿಟ್ಟನಂತೆ.

ಮೊದಲನೇ ದಿನ ಪಟ್ಟದ ಹಸು ನಾಲಿಗೆ ಹೊರಗೆ ಹಾಕಿತಂತೆ. ಎರಡನೇ ದಿನ ಬೇಯಿಸಿದ ಹುರುಳಿ ಇಟ್ಟರೂ ಮುಖ ತಿರುಗಿಸಿತಂತೆ.

ಪಾಪ ಅಲ್ವಾ ಅಜ್ಜಿ, ಅದೇನು ತಪ್ಪು ಮಾಡಿತ್ತು?

ಏನೂ ಮಾಡಿರಲಿಲ್ಲ ಮಗಾ. ಅದಕ್ಕೇ ಹೊನ್ನಕ್ಕ ಒದ್ದೆ ಗೋಣಿ ಹೊದಿಸೋಕೆ ಹೋದಳಂತೆ. ದೊರೆ ಗದರಿಸಿ ಅಟ್ಟಿದ. ಅವನಿಗೆ ಹಸುಗಿಂತ ಮೀಸೆ ದೊಡ್ಡದು.

ಮೂರನೇ ದಿನ ದೊರೆ ಕುಕ್ಕರಗಾಲಲ್ಲಿ ಕೂತು, ಕರೆಯೋಕೆ ಬಾರದೆ ಎರಡು ಒದೆ ತಿಂದು, ಕೊನೆಗೆ ಚೊಂಬಿನ ತಳ ಮುಚ್ಚೋವಷ್ಟು ಹಾಲು ಹಿಂಡಿದನಂತೆ. ಉಗುರಿನ ಮೇಲೆ ಬಿಟ್ಟ ತೊಟ್ಟು ಜರ್ರನೆ ಜಾರಿ ಮೊಣಕೈಗೆ ಇಳಿಯಿತಂತೆ. ಕೆಂದಿಯ ಹಾಲೋ, ಮುತ್ತು ಕೂತ ಹಾಗೆ ಕೂತಿತಂತೆ.

ನಿಮ್ಮ ಹಸು, ನಿಮ್ಮ ಚೊಂಬು, ನಿಮ್ಮ ಕೈ, ಈಗ ಹೇಳಿ ಬುದ್ಧಿ, ಕಳ್ಳರು ಯಾರು ಅಂದಳಂತೆ ಹೊನ್ನಕ್ಕ.

ಹಾಗಂದವಳೇ ಪಟ್ಟದ ಹಸುವಿನ ಹಗ್ಗ ಬಿಚ್ಚಿ ತೋಪಿನ ಕಡೆ ನಡೆದಳಂತೆ. ಹಿಂದೆಯೇ ಊರಿಗೆ ಊರೇ ನುಗ್ಗಿ ಮುಳ್ಳುಬೇಲಿ ಕಿತ್ತು ಬಿಸಾಡಿತಂತೆ. ಅರಮನೆ ಕೊಟ್ಟಿಗೆಯಿಂದ ಬಿಡಿಸಿಕೊಂಡು ಬಂದ ಎರಡು ಹಸುವೂ, ಕೆಂದಿಯೂ, ಪಟ್ಟದ ಹಸುವೂ ಒಂದೇ ಕಟ್ಟೆಗೆ ಮೂತಿ ಇಟ್ಟು ನೀರು ಕುಡಿದವಂತೆ. ಅವತ್ತಿಂದ ಆ ಊರಲ್ಲಿ ನೆರಳಿಗೆ ಯಜಮಾನ ಇಲ್ಲ.

ದನ ಮೆಲುಕು ಹಾಕ್ತಾ ಮಲಗಿದವು, ಕೂಸು ಹಾಲು ಕುಡಿದು ಮಲಗಿತು, ಕತೆಯೂ ಮಲಗಿತು. ಇನ್ನು ನೀನೂ ಮಲಗು.